ಅಮಿಗ್ಡಲಾ ಅಂದರೆ ಬಾದಾಮಿ

"ಅಯ್ಯೋ, ನನ್ನ ಬುಕ್ಕು...!"

ಅಪ್ಪನಿಗೆ ಊಟದ ಡಬ್ಬಿ ಕೊಡಲು ಇಚಲಕರಂಜಿಯ ಮಗ್ಗದ ಶೆಡ್ಡಿಗೆ ಬಂದಿದ್ದ ಪ್ರಣಾಲಿಯ ನರ್ಸಿಂಗ್ ಪುಸ್ತಕ ಬಾಗಿಲ ಹೊರಗೆ ಬಿತ್ತು. ಎತ್ತಿಕೊಂಡವನು ಮಗ್ಗ ರಿಪೇರಿ ಮಾಡುವ ಬಸವಂತ. ಕೊಡುವ ಬದಲು ನಿಂತು ಓದತೊಡಗಿದ!

"ಅಮಿಗ್ಡಲಾ... ಇದೇನ್ರಿ?"

"ಮಿದುಳಿನ ಭಾಗ್ರಿ. ಗ್ರೀಕ್ ಮಾತಿನಾಗ ಹಂಗಂದ್ರ ಬಾದಾಮಿ. ನೋಡಾಕ ಹಂಗ ಐತಂತ ಆ ಹೆಸರಿಟ್ಟಾರ. ಹೆದರಿಕಿ ಹುಟ್ಟೂದು ಅಲ್ಲೇ ಅಂತಾರ."

ಬಸವಂತ ಅವಳನ್ನೇ ನೋಡುತ್ತ ನಿಂತ. ಅವಳಿಗೂ ಹೊರಡುವುದು ಮರೆತುಹೋಗಿತ್ತು.

ಮರುದಿನದಿಂದ ಅಪ್ಪ ಯಮನಪ್ಪ ತರುವ ಖಾಲಿ ಡಬ್ಬಿಯಲ್ಲಿ ದಿನಕ್ಕೊಂದು ಬಾದಾಮಿ! ಯಾರು ಹಾಕುತ್ತಿದ್ದರೆಂದು ಹೇಳಬೇಕೇ? ಪ್ರಣಾಲಿಗೆ ಒಳಗೊಳಗೇ ಖುಷಿ.

ಆದರೆ ಆ ಶುಕ್ರವಾರ ಎರಡು ಕೆಟ್ಟ ಸುದ್ದಿ ಒಟ್ಟಿಗೇ ಬಂದವು. ಕೊಲ್ಹಾಪುರದ ಕಾಲೇಜಿನಲ್ಲಿ ಅವಳು ಅನಾಟಮಿಯಲ್ಲಿ ನಪಾಸು. ಭಾನುವಾರ ಅವಳನ್ನು ನೋಡಲು ಗಡಹಿಂಗ್ಲಜದಿಂದ ಗಂಡಿನ ಕಡೆಯವರು ಬರುತ್ತಾರೆ. ಸಾಲದ್ದಕ್ಕೆ ಡಬ್ಬಿಯಲ್ಲಿ ಹಿಡಿ ತುಂಬ ಬಾದಾಮಿ!

'ತಿಂದು ತಲಿ ಬೆಳಸ್ಕೋ ಅಂತಾನೇನು? ಇರ್ಲಿ, ಮಾಡ್ತೀನಿ ಅವಗ!'

ಶನಿವಾರ ಶೆಡ್ಡಿಗೆ ನುಗ್ಗಿದವಳೇ ಮಗ್ಗಗಳ ಅಬ್ಬರದಲ್ಲಿ ಅವನ ಕಿವಿಗೆ ಕೂಗಿದಳು. "ನಪಾಸಾದವ್ರನ್ನ ಚಾಷ್ಟಿ ಮಾಡ್ತೀರೇನ್ರಿ?"

"ನಪಾಸಾದ್ರಿ? ನನಗ ಗೊತ್ತ ಇಲ್ರಿ!" ಅವನೂ ಕೂಗಿದ. "ನಿಮ್ಮನ್ನ ನೋಡಾಕ ಬರ್ತಾರಂತ ನಿಮ್ಮಪ್ಪ ಹೇಳಿದ್ರು. ದಿನಾ ಒಂದ ಬಾದಾಮಿಯಷ್ಟ ಹೆದರಿಕಿ ಇತ್ರಿ. ನಿನ್ನಿ ಹಿಡಿ ತುಂಬ ಆತು..."

ಅವಳ ಸಿಟ್ಟು ಜರ್ರನೆ ಇಳಿಯಿತು. ಕಣ್ಣು ತುಂಬಿ ಬಂದವು. ಅಪ್ಪ ಆಚೆ ಸಾಲಿನಲ್ಲಿದ್ದ, ಆದರೆ ಇಷ್ಟು ಸದ್ದಿನಲ್ಲಿ ಯಾರಿಗೆ ಕೇಳುತ್ತದೆ? ಮೆಲ್ಲಗೆ ಅಂದೇಬಿಟ್ಟಳು.

"ನನಗ ಆ ಹುಡುಗ ಬ್ಯಾಡ. ನೀವ ಬೇಕು."

ಬಸವಂತನ ಮುಖ ಅರಳಿತು. ಆಚೆ ಸಾಲಿನ ನೇಕಾರರೆಲ್ಲ ಹಲ್ಲು ಕಿಸಿದರು! ಈ ಸದ್ದಿನಲ್ಲಿ ದುಡಿಯುವವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆಂಬುದು ನೇಕಾರನ ಮಗಳಿಗೇ ಮರೆತುಹೋಗಿತ್ತು.

ಯಮನಪ್ಪ ಮಗ್ಗ ನಿಲ್ಲಿಸಿ ಬಂದ. ಪ್ರಣಾಲಿ ಎರಡು ಹೆಜ್ಜೆ ಹಿಂದೆ ಸರಿದಳು.

"ಗಡಹಿಂಗ್ಲಜದವ್ರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡ್ತೇನಿ," ಎಂದು ಬಸವಂತನ ಕಿವಿಗೆ ಕೂಗಿದ. "ನಾಳಿ ನಿಮ್ಮವ್ವನ್ನ ಕರ್ಕೊಂಡ್ ನೀ ಬಾ. ಹೆಣ್ಣ ನೋಡಾಕ ಬರೋರಿಗೆ ಕಾಂದಾಪೋಹೆ ಮಾಡಾಕಂತ ಅವಲಕ್ಕಿ ತಂದಾಗೇತಿ, ದಂಡ ಆಗೂದ ಬ್ಯಾಡ!"

ಅಪ್ಪ ಅತ್ತ ಹೋದದ್ದೇ, ಪ್ರಣಾಲಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಏನೋ ಅಂದಳು.

"ಏನಂದ್ರಿ? ಕಾಣ್ಲಿಲ್ಲ..."

ಅವಳು ಉಳಿದವರಿಗೆ ತುಟಿ ಕಾಣದಂತೆ ಅಂಗೈಯನ್ನು ಅವನ ಕಡೆಗಷ್ಟೇ ತೆರೆದಳು. "ನಾಳಿ ಭಾಳ ದೂರ ಐತಿ ಅಂದೆ."

"ಹಂಗಾರ ಇವತ್ತ ಸಂಜಿಕ್ಕ ಬರ್ಲೇನ್ರಿ?"

"ಹೂಂ... ಬರ್ರಿ."