ಅಕ್ಕಪಕ್ಕದ ಸೀಟು

ಫಟಾರ್!

ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಮಕ್ಕಳ ಸಾಮಾನಿನ ಅಂಗಡಿಯೇ ಸ್ತಬ್ಧವಾಯಿತು.

ಹೊಡೆದವಳು ಅವನನ್ನೇ ದುರುಗುಟ್ಟಿ ನೋಡಿದಳು. ಅದೇ ಹಣೆ, ಅದೇ ದಟ್ಟ ಹುಬ್ಬು... ಅಕ್ಕನನ್ನು ಬಡಿದು ಕೊಂದ ಭಾವನ ಮುಖ!

"ಕೊಲೆಗಡುಕ! ಜೈಲಿಂದ ಬಂದ್ಯಾ? ಅಕ್ಕನ್ನ ತಿಂದಿದ್ದು ಸಾಲ್ದಾ, ಮಕ್ಕಳೂ ಬೇಕಾ ನಿಂಗೆ?"

ಮಕ್ಕಳನ್ನು ಕೂರಿಸಿ ತಳ್ಳುವ ಖಾಲಿ ಸ್ಟ್ರಾಲರ್ ಗಾಡಿಯೊಂದು ಕೈಗೆ ಸಿಕ್ಕಿತು, ಅದನ್ನೇ ಎತ್ತಿ ರಭಸವಾಗಿ ಅವನ ಮೇಲೆ ಎಸೆದಳು. ಅದರ ಹಿಡಿ ತುಟಿಗೆ ಬಡಿದು ರಕ್ತ ಚಿಮ್ಮಿತು. ಅವನು ಹಿಂದೆ ಸರಿಯಲಿಲ್ಲ. ಕೈಯನ್ನೂ ಎತ್ತಲಿಲ್ಲ.

"ನಾನು ಅವನಲ್ಲ. ಅವನ ತಮ್ಮ," ಎಂದ ಮೆಲ್ಲಗೆ. "ಹಡಗಿನ ಬಡಗಿ, ಸಮುದ್ರದ ಮೇಲಿದ್ದೆ. ಅತ್ತಿಗೆ ಹೋದ ಸುದ್ದಿ ನಂಗೆ ತಿಳಿದಿದ್ದೇ ತಡವಾಗಿ. ನಿಮ್ಮ ಬ್ಯೂಟಿ ಪಾರ್ಲರಲ್ಲಿ ಕೇಳ್ದೆ, ಇಲ್ಲಿದ್ದೀರಿ ಅಂದ್ರು. ಮಕ್ಕಳನ್ನ ಒಂದ್ಸಲ ನೋಡ್ಬೇಕಿತ್ತು, ಅಷ್ಟೇ."

ಅವಳು ದಿಟ್ಟಿಸಿದಳು. ಮುಖ ಅದೇ. ಕಣ್ಣು ಮಾತ್ರ ಬೇರೆ... ಹೊಡೆಸಿಕೊಂಡವರ ಕಣ್ಣು.

ಅಷ್ಟರಲ್ಲಿ ಹಿಂದಿನಿಂದ ಚೀರಾಟ! ಹಿಂದೆಮುಂದೆ ಸೀಟಿನ ಜೋಡಿ ಸ್ಟ್ರಾಲರಿನಲ್ಲಿ ಮಕ್ಕಳನ್ನು ಕೂರಿಸಿ ನೋಡುತ್ತಿದ್ದಳಲ್ಲ, ಮುಂದಿನ ಸೀಟಿನಲ್ಲಿದ್ದ ಮೂರು ವರ್ಷದ ಪುಟ್ಟಿ ಬೆಲ್ಟು ಕಿತ್ತುಕೊಳ್ಳುತ್ತಾ ಒದ್ದಾಡುತ್ತಿತ್ತು.

"ತಮ್ಮ ಎಲ್ಲಿ? ಚಿಕ್ಕಿ, ತಮ್ಮ ಎಲ್ಲಿ?"

ತಮ್ಮ ಬೆನ್ನ ಹಿಂದೆಯೇ ಇದ್ದ. ಆದರೆ ಕಾಣುತ್ತಿರಲಿಲ್ಲ. ಅಮ್ಮನನ್ನು ಅಪ್ಪ ಬಡಿಯುತ್ತಿದ್ದಾಗ ಮಂಚದ ಕೆಳಗೆ ಆ ಕೂಸನ್ನು ಅವುಚಿಕೊಂಡು ಮಲಗಿದ್ದ ಹುಡುಗಿ ಅದು. ಅಂದಿನಿಂದ ತಮ್ಮ ಕಣ್ಣಿಂದ ಮರೆಯಾದರೆ ಜೀವವೇ ಹೋದಂತೆ ಕೂಗುತ್ತದೆ.

"ಅಕ್ಕಪಕ್ಕ ಸೀಟಿಂದು ತಗೊಳ್ಳಿ ಮೇಡಂ," ಎಂದಳು ಅಂಗಡಿಯ ಹುಡುಗಿ, ಹೆದರುತ್ತಲೇ. "ಆದ್ರೆ ಅದು ಅಗಲ. ಮನೆ ಬಾಗಿಲಲ್ಲಿ ತೂರುತ್ತಾ ನೋಡ್ಕೊಳ್ಳಿ."

ತೂರುವುದಿಲ್ಲ. ಅವಳ ಬಾಡಿಗೆ ಮನೆಯ ಬಾಗಿಲು ಒಬ್ಬರು ಸೊಂಟ ಓರೆ ಮಾಡಿ ನುಗ್ಗುವಷ್ಟೇ ಇತ್ತು. ಒಂದು ಕೂಸು ಕಂಕುಳಲ್ಲಿ, ಇನ್ನೊಂದು ಕೈಯಲ್ಲಿ, ದಿನವೂ ಶಿಶುವಿಹಾರಕ್ಕೆ ನಡೆದು ಅವಳ ಬೆನ್ನು ಬಿದ್ದುಹೋಗಿತ್ತು. ಈಗ ಏನು ಮಾಡಲಿ?

ಅವನು ತುಟಿಯ ರಕ್ತ ಒರೆಸಿಕೊಂಡ.

"ಅಗಲದ್ದೇ ತಗೊಳ್ಳಿ. ಮಗೂನ ಬದಲಾಯಿಸೋಕಾಗಲ್ಲ... ಬಾಗಿಲು ಬದಲಾಯಿಸ್ಬಹುದು. ನಾನು ಮಾಡ್ಕೊಡ್ತೀನಿ."

"ನಿಮ್ಮ ಮನೆತನದ ಕೈ ನಮ್ಮ ಮನೆಗೆ ಸೋಕೋದೇ ಬೇಡ!"

ಹಾಗಂದವಳು ಅಕ್ಕಪಕ್ಕ ಸೀಟಿನದನ್ನೇ ಕೊಂಡಳು.

ಅವನೂ ಬಿಡಲಿಲ್ಲ. ಸಂಜೆ ಪಾರ್ಲರ್ ಮುಚ್ಚುವ ಹೊತ್ತಿಗೆ ರಸ್ತೆಯ ಆಚೆ ಬಂದು ನಿಲ್ಲುತ್ತಿದ್ದ. ಅವರ ಹಿಂದೆಯೇ ಮನೆಯವರೆಗೂ ನಡೆದು ಬರುತ್ತಿದ್ದ. ಮನೆಯ ಮುಂದೆ ಸ್ಟ್ರಾಲರ್ ಮಡಚಿ ಒಳಗೆ ಎತ್ತಿಟ್ಟು ಹೊರಟುಹೋಗುತ್ತಿದ್ದ. ಪುಟ್ಟಿ ಮೊದಲು ಅವನನ್ನು ಕಂಡರೆ ಮುಖ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಬೆರಳಿನ ಸಂದಿಯಿಂದ ಇಣುಕಿತು. ಒಂದು ದಿನ "ಚಿಕ್ಕಪ್ಪಾ, ಜೋರಾಗಿ ತಳ್ಳು!" ಎಂದು ಕೇಕೆ ಹಾಕಿತು.

ಅವತ್ತು ಅವಳ ಎದೆಯಲ್ಲಿ ಏನೋ ಕರಗಿತು... ಮರುಕ್ಷಣವೇ ತನ್ನನ್ನು ತಾನೇ ಗದರಿಕೊಂಡಳು. *ಅದೇ ರಕ್ತ ಕಣೇ! ಅಕ್ಕನೂ ಹೀಗೇ ನಂಬಿ ಕೆಟ್ಟಳು.*

ಆದರೂ ಒಂದು ಭಾನುವಾರ ಬಾಗಿಲು ಕಿತ್ತು ಅಗಲ ಮಾಡಲು ಒಪ್ಪಿದಳು.

ಹಳೆಯ ಚೌಕಟ್ಟು ಕಳಚಿ, ಹೊಸ ಮರ ತರಲೆಂದು ಅವನು ಬೀದಿಯ ತುದಿಯಲ್ಲಿದ್ದ ಗಾಡಿಯತ್ತ ಹೋದ. ಮಕ್ಕಳಿಬ್ಬರೂ ಒಳಗೆ ಸ್ಟ್ರಾಲರಿನಲ್ಲಿ ಕೈ ಕೈ ಹಿಡಿದು ಕೂತಿದ್ದವು. ಬಾಗಿಲಿಲ್ಲದ ಗೋಡೆಯ ಬಾಯಲ್ಲಿ ನೆರಳೊಂದು ಮೂಡಿತು.

"ಇಷ್ಟು ಬೇಗ ಬಂದ್ರಾ?" ನಗುತ್ತಲೇ ತಿರುಗಿದಳು.

ಅವನಲ್ಲ. ಭಾವ! ಕೈಯಲ್ಲಿ ಕಬ್ಬಿಣದ ರಾಡು.

"ಜಾಮೀನು ಸಿಕ್ತು ಕಣೇ," ಎಂದ. "ನನ್ನ ಮಕ್ಕಳನ್ನ ತಳ್ಳಿಕೊಂಡು ಮೆರೀತಿದ್ದೀಯಂತೆ?"

ರಾಡು ಬೀಸಿದ. ಬಗ್ಗಿದಳು. ಗೋಡೆಯ ಕನ್ನಡಿ ಚೂರುಚೂರಾಗಿ ಅವಳ ಹೆಗಲ ಮೇಲೆ ಸುರಿಯಿತು. ಕೂದಲಿಗೆ ಕೈ ಹಾಕಿ ಎಳೆದು ನೆಲಕ್ಕೆ ಅಪ್ಪಳಿಸಿದ. ಬಾಯೆಲ್ಲ ರಕ್ತದ ರುಚಿ... ಪುಟ್ಟಿ ಕೂಗಲೂ ಇಲ್ಲ, ತಮ್ಮನ ಮೇಲೆ ಕವುಚಿಕೊಂಡಿತು.

ಹೊರಗೆ ಮರದ ಹಲಗೆಗಳು ಧಡಾರನೆ ಬಿದ್ದವು. ಭಾವನ ತಮ್ಮ ಓಡಿ ಬರುತ್ತಿದ್ದ. ಅವನನ್ನು ಕಂಡದ್ದೇ ಅವಳು ಕಿರುಚಿದಳು.

"ಬಾಗಿಲು ಕಿತ್ತಿದ್ದು ಇವನಿಗೋಸ್ಕರಾನಾ? ಇಬ್ಬರೂ ಸೇರಿ ನಾಟಕ ಆಡಿದ್ರಾ?!"

ಅವನು ಒಳಗೆ ನುಗ್ಗಿದ. ಮತ್ತೆ ಅವಳ ತಲೆಗೆಂದು ಎದ್ದ ರಾಡಿನ ಕೆಳಗೆ ತನ್ನ ಬಲಗೈ ಚಾಚಿದ.

ಲಟಕ್! ಮೂಳೆ ಮುರಿದ ಸದ್ದು.

"ಬೆಪ್ಪ! ನಿನ್ನ ಹಿಂದೇನೇ ಬಂದು ಮನೆ ಪತ್ತೆ ಮಾಡ್ದೆ," ಭಾವ ಹಲ್ಲು ಕಿರಿದ. "ಸರಿ ಆಚೆ."

"ಸರಿಯೋದಿಲ್ಲ ಅಣ್ಣ. ನನ್ನ ಕೊಂದು ದಾಟು."

ಮುರಿದ ಕೈ ಜೋತಾಡುತ್ತಿದ್ದರೂ ಎಡಗೈಯಿಂದ ಅಣ್ಣನ ಸೊಂಟ ತಬ್ಬಿ ಬಿದ್ದ. ಬೆನ್ನ ಮೇಲೆ ಏಟು, ಇನ್ನೊಂದು ಏಟು. ಹಿಡಿತ ಬಿಡಲಿಲ್ಲ.

ಅವಳಿಗೆ ಆಗ ಎಲ್ಲವೂ ನಿಚ್ಚಳವಾಯಿತು. ಮಕ್ಕಳಿಬ್ಬರನ್ನೂ ಎತ್ತಿ ಅಡುಗೆಮನೆಯೊಳಗೆ ಬಿಟ್ಟು ಚಿಲಕ ಹಾಕಿದಳು. ನೆಲದ ಮೇಲಿದ್ದ ಬಡಗಿಯ ಸುತ್ತಿಗೆ ಎತ್ತಿಕೊಂಡಳು. ಅಕ್ಕನನ್ನು ನೆನೆದು, ಎರಡೂ ಕೈಯಲ್ಲಿ, ಭಾವನ ಮಂಡಿಗೆ ಬಾರಿಸಿದಳು!

ಅವನು ಮರ ಉರುಳಿದಂತೆ ಉರುಳಿದ. ನುಗ್ಗಿ ಬಂದ ಅಕ್ಕಪಕ್ಕದವರು ಅವನನ್ನು ಅದುಮಿ ಹಿಡಿದರು. ಪೊಲೀಸರು ಬಂದು ಎಳೆದೊಯ್ದಾಗಲೂ ಅವಳ ಕೈಯಿಂದ ಸುತ್ತಿಗೆ ಬಿಡಿಸಲು ಇಬ್ಬರು ಬೇಕಾದರು.

ಆಸ್ಪತ್ರೆಯಲ್ಲಿ ಅವನ ಬಲಗೈಗೆ ಭುಜದವರೆಗೂ ಪಟ್ಟಿ. ಅವಳ ಹಣೆಗೆ ಹೊಲಿಗೆ. ಮಕ್ಕಳು ಅವನ ಹಾಸಿಗೆಯ ಪಕ್ಕ ಸ್ಟ್ರಾಲರಿನಲ್ಲೇ ನಿದ್ದೆ ಹೋಗಿದ್ದವು.

"ನನ್ನಿಂದಾನೇ ಅವನು ಅಲ್ಲಿಗೆ ಬಂದ," ಅವನು ಸೂರು ನೋಡುತ್ತಾ ಹೇಳಿದ. "ಆ ಬಾಗಿಲು ಕೂರಿಸಿ ಹೋಗ್ಬಿಡ್ತೀನಿ. ಇನ್ನು ಮುಖ ತೋರಿಸಲ್ಲ."

"ಯಾವ ಕೈಯಲ್ಲಿ ಕೂರಿಸ್ತೀರಿ?"

ಅವನಿಗೆ ನಗು ಬಂತು. ಅವಳಿಗೆ ಅಳು.

"ನಿಮ್ಮನ್ನ ಅನುಮಾನಿಸ್ದೆ... ತಪ್ಪಾಯ್ತು," ಬಿಕ್ಕಿದಳು. "ಸಂಜೆ ಆದ್ರೆ ಸಾಕು, ರಸ್ತೆ ಕಡೆ ಕಣ್ಣು ಹೋಗೋದು. ಅದಕ್ಕೇ ನನ್ನ ಮೇಲೆ ನಂಗೆ ಕೋಪ. ಹೋಗ್ಬೇಡಿ. ನಂಗೆ... ನೀವು ಬೇಕು."

ಅವನ ಕಣ್ಣು ತುಂಬಿತು. ಎಡಗೈ ಹುಡುಕಿಕೊಂಡು ಬಂದು ಅವಳ ಬೆರಳು ಹಿಡಿಯಿತು.

ಔಷಧಿ ತಂದ ನರ್ಸಮ್ಮ ಗದರಿದರು. "ನೋಡೋ ಹೊತ್ತು ಮುಗೀತು. ನೀವೇನಾಗ್ಬೇಕಮ್ಮ ಇವರಿಗೆ?"

ಅವಳು ತಡಬಡಾಯಿಸಿದಳು. "ಅದು... ಈ ಮಕ್ಕಳಿಗೆ ಇವರು ಚಿಕ್ಕಪ್ಪ. ನಾನು ಚಿಕ್ಕಮ್ಮ."

"ಹಾಗಂದ್ರೆ ಗಂಡ ಹೆಂಡ್ತಿ ಅಂತ ನೆಟ್ಟಗೆ ಹೇಳಬಾರ್ದಾ! ಇರಿ, ಇರಿ," ಎಂದು ನರ್ಸಮ್ಮ ಹೋದರು.

ಇಬ್ಬರೂ ಕೆಂಪಾದರು.

"ಅವರಿಗೆ ನಿಜ ಹೇಳ್ಲಿಲ್ವಲ್ಲ ನೀವು?" ಅವನು ಪಿಸುಗುಟ್ಟಿದ.

ಅವಳು ಹಿಡಿದ ಕೈ ಬಿಡಲಿಲ್ಲ.

"ನಿಜಾನೇ ಮಾಡ್ಬಿಟ್ರಾಯ್ತು ಬಿಡಿ."