ಕಾರ್ಕಳದ ಸೋಫಿಯಾ

ಶಾರ್ಲೆಟ್‌ಗೆ ಮನಸ್ಸಿನ ಮಾತು ಹೇಳಲು ಸಂತೆಕಟ್ಟೆಯ ಜೋವಿನ್ ವರ್ಷಗಟ್ಟಲೆ ಒಳ್ಳೆಯ ಗಳಿಗೆಗಾಗಿ ಕಾದಿದ್ದ. ಇಗರ್ಜಿಯ ಕ್ವಾಯರಿನಲ್ಲಿ ಅವಳ ಹಿಂದಿನ ಸಾಲಿನಲ್ಲೇ ನಿಂತು ಹಾಡಿದ್ದ. ಬಸ್ಸು ತಪ್ಪಿದ ದಿನ ಬೈಕಿನಲ್ಲಿ ಅವಳನ್ನು ಮನೆಗೆ ಬಿಟ್ಟಿದ್ದ. ಕಾಪುವಿನ ಆಂಟನಿ ಮಾತ್ರ ಕಾಯುವ ಜಾತಿಯವನಲ್ಲ. ದೋಹಾದಿಂದ ರಜೆಯಲ್ಲಿ ಬಂದವನು ಯಾರದೋ ಮದುವೆಯಲ್ಲಿ ಅವಳನ್ನು ನೋಡಿದ, ಮರುವಾರವೇ ತಾಯಿ ಬರ್ತಾಳನ್ನು ಅವಳ ಮನೆಗೆ ಕಳಿಸಿದ, ಡಿಸೆಂಬರಿಗೆ ನಿಶ್ಚಿತಾರ್ಥ ಎಂದು ಮಾತು ಮುಗಿಸಿಕೊಂಡು ವಿಮಾನ ಹತ್ತಿದ. ಜೋವಿನ್‌ನ ಲೆಕ್ಕದಲ್ಲಿ ಇದು ಹಾಡುಹಗಲಿನ ಕಳ್ಳತನ. ಕಳುವಾದದ್ದನ್ನು ಹಿಂದಕ್ಕೆ ಪಡೆಯುವುದು ತಪ್ಪಲ್ಲ ಎಂದು ಅವನು ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಅದು ಎರಡು ಸಾವಿರದ ಏಳು. ಉಡುಪಿಯ ಹುಡುಗ ಹುಡುಗಿಯರೆಲ್ಲ ಇಂಟರ್ನೆಟ್ಟಿನಲ್ಲಿ ಸ್ನೇಹ ಬೆಳೆಸುವ ಆರ್ಕುಟ್‌ಗೆ ಬಿದ್ದಿದ್ದರು. ಮಣಿಪಾಲದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಜೋವಿನ್‌ಗೆ ಅಲ್ಲಿ ಒಂದು ಹೆಣ್ಣನ್ನು ಸೃಷ್ಟಿಸುವುದು ದೊಡ್ಡ ಕೆಲಸವೇನಲ್ಲ. ತನ್ನ ಕಂಪ್ಯೂಟರ್ ಮುಟ್ಟದೆ, ಪರಿಚಯದವರು ಬಾರದ ಒಂದು ಸೈಬರ್ ಸೆಂಟರಿನಲ್ಲಿ ಕುಳಿತು ಅವಳಿಗೆ ಜನ್ಮ ಕೊಟ್ಟ. ಹೆಸರು ಸೋಫಿಯಾ, ಊರು ಕಾರ್ಕಳ. ಕಾಪು ಕಡಲ ಕಿನಾರೆಯಲ್ಲಿ ಬೆನ್ನು ತಿರುಗಿಸಿ ನಿಂತ ಯಾವಳೋ ಹುಡುಗಿಯ ಫೋಟೋ ಹಾಕಿದ. ಮುಖ ಇಲ್ಲದವಳನ್ನು ಯಾರು ತಾನೇ ಗುರುತು ಹಿಡಿದಾರು?

ಆದರೆ ಸ್ನೇಹಿತರಿಲ್ಲದ ಹುಡುಗಿಯನ್ನು ಯಾರೂ ನಂಬುವುದಿಲ್ಲ. ಸೋಫಿಯಾ ಒಬ್ಬೊಬ್ಬರಿಗೇ ಸ್ನೇಹದ ಕೈ ಚಾಚಿದಳು. ಮೊದಲು ಕ್ವಾಯರಿನವರು, ಆಮೇಲೆ ಮಣಿಪಾಲದ ವಿದ್ಯಾರ್ಥಿಗಳು, ಕಾಪುವಿನಲ್ಲಿ ಜೋವಿನ್ ಜೊತೆ ವಾಲಿಬಾಲ್ ಆಡುವ ವಾಸು, ಬೆಳ್ಮಣ್‌ನಲ್ಲಿದ್ದ ಅವನ ಚಿಕ್ಕಮ್ಮನ ಮಗಳು ರೋಸಲಿನ್. ಯಾರೊಬ್ಬರೂ ಇಲ್ಲ ಎನ್ನಲಿಲ್ಲ. ತಮ್ಮವರು ನಾಲ್ಕು ಜನ ಅವಳ ಸ್ನೇಹಿತರಾಗಿರುವುದು ಕಂಡರೆ ಸಾಕಿತ್ತು. ವಾಸು ಅಂತೂ ಅವಳನ್ನು ಅತ್ತೂರಿನ ಹಬ್ಬದಲ್ಲಿ ನೋಡಿದ್ದೇನೆಂದು ಜೋವಿನ್‌ನ ಎದುರಿಗೇ ಹೇಳಿದ. "ಒಳ್ಳೆಯ ಹುಡುಗಿ ಮಾರಾಯ, ಮಾತು ಸ್ವಲ್ಪ ಕಡಿಮೆ." ಜೋವಿನ್ ಗಂಭೀರವಾಗಿ ತಲೆಯಾಡಿಸಿದ. ತಾನು ಮಾತ್ರ ಅವಳ ಸ್ನೇಹಿತನಾಗಲಿಲ್ಲ. ಆ ಎಚ್ಚರದ ಬಗ್ಗೆ ಅವನಿಗೆ ವಿಶೇಷ ಹೆಮ್ಮೆಯಿತ್ತು.

ನವೆಂಬರಿನಲ್ಲಿ ಸೋಫಿಯಾ ಶಾರ್ಲೆಟ್‌ಗೆ ಒಂದೇ ಸಾಲು ಬರೆದಳು: "ನಿಶ್ಚಿತಾರ್ಥಕ್ಕೆ ಮೊದಲು ಆಂಟನಿಯ ಹತ್ತಿರ ನನ್ನ ಹೆಸರು ಹೇಳಿ ನೋಡಿ." ಆರೋಪವಿಲ್ಲ, ಬೈಗುಳವಿಲ್ಲ. ಗೊತ್ತಿಲ್ಲ ಎಂದಷ್ಟೂ ಆಂಟನಿ ಸುಳ್ಳನಂತೆ ಕಾಣುತ್ತಾನೆ.

ಹಾಗೆಯೇ ಆಯಿತು. ಫೋನಿನಲ್ಲಿ ಜಗಳವಾಯಿತು. ಬರ್ತಾ ಕಾಪುವಿನಿಂದ ಓಡಿ ಬಂದು, ನನ್ನ ಮಗ ಅಂಥವನಲ್ಲ ಎಂದು ಅತ್ತು ಹೋದಳು. ಶಾರ್ಲೆಟ್ ಎರಡು ಭಾನುವಾರ ಕ್ವಾಯರಿಗೆ ಬರಲಿಲ್ಲ. ಅವಳಿಲ್ಲದ ಸಾಲಿನ ಹಿಂದೆ ಹಾಡುವಾಗ ಜೋವಿನ್‌ಗೆ ಒಂದಿಷ್ಟು ಚುಚ್ಚಿತು. ಎಲ್ಲ ಸರಿಹೋಗುತ್ತದೆ, ಸಮಾಧಾನ ಹೇಳಲು ತಾನಿದ್ದೇನಲ್ಲ ಎಂದುಕೊಂಡ.

ಮೂರನೆಯ ಭಾನುವಾರ ಪೂಜೆ ಮುಗಿದ ಮೇಲೆ ಅವಳೇ ಬಂದು ಇಗರ್ಜಿಯ ಮೆಟ್ಟಿಲ ಮೇಲೆ ಅವನ ಪಕ್ಕ ಕುಳಿತಳು. ಕಣ್ಣು ಊದಿಕೊಂಡಿತ್ತು.

"ಅವಳು ಯಾರೆಂದೇ ಗೊತ್ತಿಲ್ಲ ಅಂತಾನೆ ಆಂಟನಿ."

"ಮತ್ತೆ ಎಂತ ಹೇಳಿಯಾನು?" ಎಂದ ಜೋವಿನ್, ಆದಷ್ಟು ಮೃದುವಾಗಿ.

"ನಾನೂ ಹಾಗೇ ಎಣಿಸಿದೆ. ಮತ್ತೆ ಅವಳ ಫ್ರೆಂಡ್ಸ್ ಹತ್ತಿರ ಒಬ್ಬೊಬ್ಬರಾಗಿ ಕೇಳಿದೆ. ಅವಳನ್ನು ಸರಿಯಾಗಿ ಕಂಡವರು ಯಾರೂ ಇಲ್ಲ. ನಮ್ಮ ಕ್ವಾಯರಿನವರು, ಮಣಿಪಾಲದ ನಿನ್ನ ಕ್ಲಾಸಿನವರು, ಕಾಪುವಿನ ವಾಸು, ಬೆಳ್ಮಣ್‌ನ ನಿಮ್ಮ ರೋಸಲಿನ್. ಒಂದು ಕಡೆಯವರಿಗೆ ಇನ್ನೊಂದು ಕಡೆಯವರ ಪರಿಚಯವೂ ಇಲ್ಲ. ಇವರೆಲ್ಲರ ಪರಿಚಯ ಇರುವವ ಉಡುಪಿಯಲ್ಲಿ ಒಬ್ಬನೇ ಉಂಟು." ಶಾರ್ಲೆಟ್ ಎದ್ದು ಸೀರೆಯ ಧೂಳು ಕೊಡವಿಕೊಂಡಳು. "ಅಷ್ಟೂ ಜನರನ್ನು ಹುಡುಕಿ ಫ್ರೆಂಡ್ ಮಾಡಿಕೊಂಡವಳು, ನಿನ್ನನ್ನು ಮಾತ್ರ ಯಾಕೆ ಬಿಟ್ಟಳು ಜೋವಿನ್?"