ಹಾರಿಸಿದ ಪಾಠ

ಅವನು ಸಂಜೆಗಳನ್ನೆಲ್ಲ ಸುರಿದು ಬರೆದ ಮೊದಲ ಪ್ರೋಗ್ರಾಮಿಗೆ ಗುಂಪಿನಲ್ಲಿ ಸಿಕ್ಕಿದ್ದು ಒಂದೇ ಮಾತು: ‘ಚೆನ್ನಾಗಿದೆ, ಮುಂದುವರಿಸಿ.’ ಆ ಮಾತು ಹಾಕಿದವನು ಎಲ್ಲರಿಗೂ ಅದನ್ನೇ ಹಾಕುತ್ತಿದ್ದ. ಪ್ರೋಗ್ರಾಮು ಬರೆದವನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಅಂದು ಕೈ ಹಿಡಿತಕ್ಕೆ ಸಿಗದೆ ಒಂದು ಗಾಜಿನ ಅಂಚು ಮುರಿದು ಮಾಲೀಕನಿಂದ ಬೈಸಿಕೊಂಡ. ಊಟದ ಬಿಡುವಿನಲ್ಲಿ ಮತ್ತೆ ಮತ್ತೆ ಫೋನು ತೆಗೆದು ನೋಡಿದ. ಎರಡನೆಯ ಮಾತು ಬರಲೇ ಇಲ್ಲ.

ಅದು ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರ ಆನ್‌ಲೈನ್ ಗುಂಪು. ತಪ್ಪೋ ಒಪ್ಪೋ, ಮೊದಲ ಪ್ರಯತ್ನವನ್ನು ನಾಲ್ಕು ಜನರ ಮುಂದಿಡುವುದು ಅಲ್ಲಿಯ ರೂಢಿ. ಸೇರಿದ ದಿನವೇ ಪಾಠಗಳ ಸಾಲು ಎದುರಾಗಿತ್ತು. ಅವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಮೊದಲ ಪಾಠದ ತಲೆಬರಹ ಸಪ್ಪೆಯಾಗಿ ಕಂಡದ್ದರಿಂದ ಅದನ್ನು ಹಾರಿಸಿ ನೇರ ಎರಡನೆಯದಕ್ಕೆ ಕೈ ಹಾಕಿದ್ದ.

ಅವನ ಪ್ರೋಗ್ರಾಮು ಹೀಗೆ ಅನಾಥವಾಗಿ ಬಿದ್ದಿದ್ದಾಗಲೇ ‘ಮಿಂಚುಹುಳ’ ಎಂದು ಹೆಸರಿಟ್ಟುಕೊಂಡ ಯಾರೋ ತಮ್ಮದನ್ನು ಹಾಕಿದರು. ಮಾತ್ರೆ ನುಂಗಿದ ಮೇಲೆ ಹಿರಿಯರು ಫೋನಿನಲ್ಲಿ ದೊಡ್ಡ ಹಸಿರು ಗುಂಡಿ ಒತ್ತಬೇಕು. ಒತ್ತಲು ಮರೆತರೆ ಮನೆಯವರಿಗೆ ಸುದ್ದಿ ಹೋಗುತ್ತದೆ. ಅಷ್ಟೇ. ಆ ಅಷ್ಟಕ್ಕೇ ಗುಂಪೆಲ್ಲ ಮುಗಿಬಿದ್ದು ಹೊಗಳಿತು. ಅವನಿಗೆ ಹೊಟ್ಟೆ ಉರಿಯಿತು. ಹೇಗೆ ಮಾಡಿದ್ದಾರೋ ನೋಡೋಣ ಎಂದು ತನ್ನ ಲ್ಯಾಪ್‌ಟಾಪಿಗೆ ಪೂರ್ತಿ ಇಳಿಸಿಕೊಂಡ.

ಕೆಲವೇ ದಿನಗಳಲ್ಲಿ ಮಿಂಚುಹುಳ ವಿದಾಯ ಹೇಳಿತು. ‘ಸಂಜೆ ಹೊತ್ತು ಮನೇಲಿ ಇನ್ನೊಬ್ಬರಿಗೆ ಬೇಕು. ನಾನು ಇಷ್ಟಕ್ಕೆ ಬಿಡ್ತೀನಿ. ಎಲ್ರಿಗೂ ಒಳ್ಳೇದಾಗ್ಲಿ.’ ಪ್ರೋಗ್ರಾಮು, ಖಾತೆ ಎರಡೂ ಮಾಯವಾದವು. ಎಂಥ ಪೆದ್ದು ಎಂದುಕೊಂಡು ಅವನು ಫೋನು ಪಕ್ಕಕ್ಕಿಟ್ಟ.

ಆಮೇಲೆ ಷಡ್ಡಕ ಫೋನು ಮಾಡಿದ. ಹೆಂಡತಿಯ ಅಕ್ಕನ ಗಂಡ, ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಕುರ್ಚಿ, ಸಿಕ್ಕಾಗಲೆಲ್ಲ ‘ಏನಪ್ಪಾ, ಇನ್ನೂ ಗಾಜು ಉಜ್ತಿದ್ದೀಯಾ?’ ಎಂದು ಕಿಚಾಯಿಸುವವನು.

‘ನಮ್ಮಲ್ಲಿ ತಾವೇ ಕಲಿತವರನ್ನ ತಗೋತಿದ್ದಾರೆ. ಡಿಗ್ರಿ ಗಿಗ್ರಿ ಕೇಳಲ್ಲ. ಆದ್ರೆ ಸ್ವಂತ ಬರೆದದ್ದು ಏನಾದ್ರೂ ತೋರಿಸ್ಬೇಕು. ಇದೆಯಾ ನಿನ್ನ ಹತ್ರ?’

‘ಇದೆ’ ಎಂದುಬಿಟ್ಟ. ಅವನ ಹತ್ತಿರ ಇದ್ದದ್ದು ಯಾರೂ ಮೆಚ್ಚದ ಆ ಒಂದೇ ಪ್ರೋಗ್ರಾಮು. ಆದರೆ ಉಜ್ಜುವ ಯಂತ್ರದ ಮುಂದೆ ಇನ್ನೂ ಎಷ್ಟು ವರ್ಷ ಬೆನ್ನು ಬಗ್ಗಿಸುವುದು? ಈ ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಚ್ಚುಕಟ್ಟಾಗಿ ಕೆಲಸ ಶುರುಮಾಡಿದ. ಮಿಂಚುಹುಳದ ಹಸಿರು ಗುಂಡಿಯನ್ನು ನೀಲಿ ಮಾಡಿದ. ಒಳಗಿನ ಹೆಸರುಗಳನ್ನೆಲ್ಲ ಬದಲಿಸಿದ. ವಿವರಣೆಯ ಸಾಲುಗಳನ್ನು ಅಳಿಸಿ ತನ್ನ ಮಾತಿನಲ್ಲಿ ಬರೆದ. ಯಾಕೆ ಹೊಳೆಯಿತು ಎಂದು ಕೇಳಿದರೆ ಹೇಳಲು, ಇಲ್ಲದ ಸೋದರಮಾವನೊಬ್ಬನನ್ನು ಹುಟ್ಟಿಸಿ, ಅವನಿಗೆ ರಕ್ತದೊತ್ತಡ ಬರಿಸಿ, ಮರೆವನ್ನೂ ಅಂಟಿಸಿದ. ಮೂಲೆಯಲ್ಲಿದ್ದ ಪುಟ್ಟ ಫೈಲೊಂದನ್ನು ಮಾತ್ರ ಹಾಗೇ ಬಿಟ್ಟ. ಅದೇನೆಂದು ತಿಳಿಯಲಿಲ್ಲ. ತಿಳಿಯದ್ದನ್ನು ಮುಟ್ಟಿ ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುವುದು ಬೇಡ ಎಂಬುದು ಹೊಸಬರೆಲ್ಲರ ಅಂಜಿಕೆ, ಅವನಿಗೂ ಇತ್ತು.

ಒಂದು ಹೆಸರು ಬದಲಿಸಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಪರದೆ ಕೆಂಪಾದಾಗಲೆಲ್ಲ ಅವನು ಎದ್ದು ನಡುಮನೆಯಲ್ಲಿ ಶತಪಥ ಹಾಕುತ್ತಿದ್ದ. ಸಾಲದ್ದಕ್ಕೆ ಅಡುಗೆಮನೆಯ ಫ್ರಿಜ್ಜಿನ ಮೇಲಿಂದ ಹೆಂಡತಿಯ ಫೋನು ಟಿಣ್ ಎನ್ನುತ್ತಿತ್ತು.

‘ಅದರ ಬಾಯಿ ಮುಚ್ಚಿಸ್ಬಾರ್ದಾ? ತಲೆ ಕೆಡ್ತಿದೆ ಇಲ್ಲಿ.’

ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮುಗಿಸಿ ಬಂದು ಒಲೆ ಹಚ್ಚಿದ್ದಳು. ಲ್ಯಾಬಿನ ಬಿಡುವಿನಲ್ಲಿ ಅವಳು ಏನು ಮಾಡುತ್ತಾಳೆಂದು ಅವನು ಎಂದೂ ಕೇಳಿದವನಲ್ಲ. ಅವಳು ಫೋನು ನೋಡಿ, ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು.

‘ಏನ್ರೀ ಅದು, ದಿನಾ ಕೂತು ಮಾಡ್ತಿರೋದು?’

‘ನಿನಗೆ ಅರ್ಥ ಆಗಲ್ಲ ಬಿಡು.’

‘ಹೇಳಿದ್ರೆ ತಾನೇ ಆಗೋದು.’

‘ನಂದೇ ಒಂದು ಐಡಿಯಾ. ಮಾತ್ರೆ ಮರೆಯೋರಿಗೆ.’

ಅವಳು ಬಗ್ಗಿ ಪರದೆಯ ಮೇಲಿನ ನೀಲಿ ಗುಂಡಿಯನ್ನು ನೋಡಿದಳು. ‘ಹೌದಾ’ ಎಂದು ಒಳಗೆ ಹೋದಳು.

ಸಂದರ್ಶನದ ಬೆಳಿಗ್ಗೆ ಅವನ ಅಂಗಿಯ ಕಾಲರು ಸರಿಮಾಡುತ್ತ ಕೇಳಿದಳು. ‘ನನಗೇನಾದ್ರೂ ಹೇಳೋದಿದೆಯಾ?’

‘ಬಂದ ಮೇಲೆ ಹೇಳ್ತೀನಿ, ಕೆಲಸ ಸಿಕ್ಕಿತು ಅಂತ’ ಎಂದು ಹೊರಟ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರದೆ ನಿಂತೇ ಹೋದ.

ಗಾಜಿನ ಗೋಡೆಯ ಕೋಣೆಯಲ್ಲಿ ನರೆಗೂದಲಿನ ಮೇಡಂ ಕೂತಿದ್ದರು. ಪಕ್ಕದಲ್ಲಿ ಷಡ್ಡಕ. ಅವನು ತೋರಿಸಲು ಜೋಡಿಸಿದ ತನ್ನ ಫೋನಿನ ಪರದೆ ಎದುರಿನ ಗೋಡೆಯ ಮೇಲೆ ದೊಡ್ಡದಾಗಿ ಮೂಡಿತು. ಸೋದರಮಾವನ ಕತೆಗೆ ಮೇಡಂ ಲೊಚಗುಟ್ಟಿದರು. ಕೇಳಿದ್ದಕ್ಕೆಲ್ಲ ಅರಳು ಹುರಿದಂತೆ ಉತ್ತರ ಕೊಟ್ಟ. ಷಡ್ಡಕ ಮೊದಲ ಸಲ ಅವನತ್ತ ನೋಡಿ ತಲೆದೂಗಿದ. ಅವನಿಗೆ ಕಣ್ಣು ತುಂಬಿಬಂದಂತಾಯಿತು.

‘ಚೆನ್ನಾಗಿದೆ’ ಎಂದರು ಮೇಡಂ. ‘ಮಾತ್ರೆಯ ಹೆಸರಿನ ಜಾಗ ಖಾಲಿ ಬಿಟ್ಟು ಒತ್ತಿ ನೋಡೋಣ.’

ಒತ್ತಿದ. ಪರದೆ ಕೆಂಪಾಗಿ ನಿಂತಿತು. ಅವನು ಕುರ್ಚಿಯಿಂದ ಅರ್ಧ ಎದ್ದ.

‘ಗಾಬರಿ ಆಗ್ಬೇಡಿ, ಎಲ್ರದ್ದೂ ಎಡವುತ್ತೆ’ ಎಂದು ಮೇಡಂ ಅವನ ಲ್ಯಾಪ್‌ಟಾಪ್ ತಮ್ಮತ್ತ ತಿರುಗಿಸಿ, ಮೂಲೆಯ ಪುಟ್ಟ ಫೈಲನ್ನು ತೆರೆದು ಓದಿದರು. ಮುಖ ಅರಳಿತು. ‘ಇದು ಒಳ್ಳೇ ಅಭ್ಯಾಸ. ನೀವು ಕಲಿತೆ ಅಂದ ಆ ಗುಂಪಿನಲ್ಲಿ ಮೊದಲ ಪಾಠವೇ ಇದು, ನನಗೆ ಗೊತ್ತು. ಎಲ್ಲೇ ಎಡವಿದ್ರೂ ಬರೆದವರ ಫೋನಿಗೆ ತಕ್ಷಣ ಸುದ್ದಿ ಹೋಗ್ಬೇಕು. ನೀವೂ ಹಾಕಿದ್ದೀರಿ. ಎಲ್ಲಿ, ಈಗ ನಿಮಗೆ ಬಂದಿರ್ಬೇಕಲ್ಲ?’

ಮೂವರೂ ಗೋಡೆಯತ್ತ ನೋಡಿದರು. ಸುದ್ದಿ ಬರಲಿಲ್ಲ. ಸ್ವಲ್ಪ ತಡೆದು ಸಂದೇಶವೊಂದು ಬಂದು ಗೋಡೆಯ ತುಂಬ ಹರಡಿತು. ಮೇಲೆ ‘ಮನೆ’ ಎಂದಿತ್ತು, ಹೆಂಡತಿಯ ನಂಬರನ್ನು ಅವನು ಹಾಗೇ ಉಳಿಸಿಕೊಂಡಿದ್ದ. ‘ಹೆಸರಿನ ಜಾಗ ಖಾಲಿ ಬಿಟ್ರಾ? ಅಲ್ಲಿ ನನ್ನ ಪ್ರೋಗ್ರಾಮು ಎಡವುತ್ತೆ ಅಂತ ನನಗೆ ಗೊತ್ತಿತ್ತು ಕಣ್ರೀ, ಸರಿಮಾಡೋಕೆ ಮುಂಚೆನೇ ಗುಂಪು ಬಿಟ್ಟು ನಿಮಗೆ ಸಂಜೆ ಬಿಟ್ಟುಕೊಟ್ಟೆ. ಇವತ್ತು ಬೆಳಿಗ್ಗೆನಾದ್ರೂ ಹೇಳ್ತೀರಿ ಅಂತ ಕಾದೆ.’ ಷಡ್ಡಕ ಅದನ್ನು ಎರಡು ಸಲ ಓದಿದ. ಇವನ ಕಿವಿಯಲ್ಲಿ ಮಾತ್ರ ಫ್ರಿಜ್ಜಿನ ಮೇಲಿನ ಆ ಟಿಣ್ ಸದ್ದು ಮೊಳಗುತ್ತಿತ್ತು. ಪರದೆ ಕೆಂಪಾದ ಪ್ರತಿ ಸಲವೂ, ತಪ್ಪದೆ, ಅದು ಅಡುಗೆಮನೆಯಲ್ಲಿ ಕೂಗಿ ಹೇಳಿತ್ತು.